ಗುರುವಾರದ ಟಿಕೇಟು

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಕಾಲುವೆಯಿತ್ತು. ಕೂದಲಿಗಿಂತ ತುಸು ದಪ್ಪನೆಯ ತಾಮ್ರದ ತಂತಿ ಹದಿನೈದು ವರ್ಷ ಅದೇ ಜಾಗದಲ್ಲಿ ಜಾರಿ ಜಾರಿ ಕೊರೆದ ಗೆರೆ ಅದು. ಊಟ ಮಾಡುವಾಗ ಸಾರಿನ ಅರಿಸಿನ ಅದರೊಳಗೆ ಹೊಕ್ಕು ಕೂರುತ್ತಿತ್ತು. ಕೈ ತೊಳೆದು ಬಂದ ಮೇಲೂ ಬೆರಳ ತುದಿಗೆ ಹಳದಿ ದಾರ ಅಂಟಿಸಿದಂತೆ ಕಾಣುತ್ತಿತ್ತು. ಹೊಸೂರಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಗೆ ನಾನು ಸೇರಿದ ದಿನ ಮೊದಲು ನೋಡಿದ್ದು ಆ ಬೆರಳನ್ನು. ಅವರ ಮುಖ ನೋಡಿದ್ದು ಆಮೇಲೆ. ಟಿ.ವಿ. ಸ್ಟೆಬಿಲೈಜರಿನ ಒಳಗಿರುವ ಕಾಯಿಲ್ ಸುತ್ತುವುದು ನಮ್ಮ ಕೆಲಸ. ಅದನ್ನು ಕಲಿಸಲು ನನ್ನನ್ನು ಅವರ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದರು. ಎಲ್ಲರೂ ಅವರನ್ನು ವೈಂಡಿಂಗ್ ಅಕ್ಕ ಎನ್ನುತ್ತಿದ್ದರು. ನಾನು ಬರೀ ಅಕ್ಕ ಎಂದೆ.

ನಾನು ಕುಣಿಗಲ್ ಕಡೆಯವಳು. ಮದುವೆಯಾಗಿ ಹೊಸೂರಿಗೆ ಬಂದಾಗ ನನಗೆ ತಮಿಳಿನ ಒಂದಕ್ಷರ ಬಾರದು. ಗಂಡ ಸೂಳಗಿರಿ ಹತ್ತಿರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ಒಂದೇ ಕೋಣೆಯ ಬಾಡಿಗೆ ಮನೆ. ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಯಾರೊಂದಿಗೂ ಮಾತಿಲ್ಲದೆ ದಿನ ಕಳೆಯಲಾರದೆ ಕೆಲಸಕ್ಕೆ ಸೇರಿದ್ದೆ. ಅಕ್ಕ ಮೊದಲ ವಾರ ನನಗೆ ಹೆಚ್ಚೇನೂ ಹೇಳಲಿಲ್ಲ. ನಾನು ಲೆಕ್ಕ ತಪ್ಪಿ ತಂತಿ ಒಂದರ ಮೇಲೊಂದು ಹತ್ತಿದಾಗ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದರು, ಅಷ್ಟೆ. "ಸುತ್ತು ತಪ್ಪಿದ್ರೆ ಬಿಚ್ಚಮ್ಮ. ತಪ್ಪಿದ್ರ ಮೇಲೆ ಸುತ್ಬೇಡ. ಮೇಲ್ನೋಟಕ್ಕೆ ಚೆನ್ನಾಗೇ ಕಾಣ್ತದೆ, ಒಳಗೊಳಗೇ ಸುಟ್ಟೋಯ್ತದೆ" ಎಂದರು. ಬಿಚ್ಚಿದರೆ ಅವತ್ತಿನ ಲೆಕ್ಕ ಕಡಿಮೆಯಾಗಿ ಸೂಪರ್‌ವೈಸರ್ ಬೈಯುತ್ತಾನೆ ಎಂದು ನಾನು ಹೆದರಿದರೆ, ತಾವು ಸುತ್ತಿದ ನಾಲ್ಕು ಕಾಯಿಲನ್ನು ಸದ್ದಿಲ್ಲದೆ ನನ್ನ ಟ್ರೇಗೆ ಸರಿಸುತ್ತಿದ್ದರು.

ಅವರಿದ್ದದ್ದು ಅತ್ತಿಬೆಲೆಯಲ್ಲಿ, ಗಡಿಯ ಆ ಕಡೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಚೆಕ್‌ಪೋಸ್ಟ್ ದಾಟಿ ಬರುತ್ತಿದ್ದರು, ಸಂಜೆ ದಾಟಿ ಹೋಗುತ್ತಿದ್ದರು. ಮದುವೆಯಾದ ಮೂರನೇ ವರ್ಷ ಗಂಡ ಕೆಲಸ ಹುಡುಕಿಕೊಂಡು ಉತ್ತರದ ಕಡೆ ಹೋದವನು ತಿರುಗಿ ಬರಲಿಲ್ಲವಂತೆ. ಮಕ್ಕಳಿಲ್ಲ. ಅತ್ತೆಯನ್ನು ಕೊನೆತನಕ ನೋಡಿಕೊಂಡರು. ಅತ್ತೆ ಹೋದ ಮೇಲೆ ಒಬ್ಬರೇ. ಇದನ್ನೆಲ್ಲ ಅವರು ಹೇಳಿದವರಲ್ಲ, ನಾನು ಅವರಿವರಿಂದ ಕೇಳಿದ್ದು. ಅವರ ಬಾಯಿಂದ ಬರುತ್ತಿದ್ದ ದೂರು ಒಂದೇ. ಶನಿವಾರ ಸಂಜೆ ಗೇಟಿನ ಹತ್ತಿರ ನಾವೆಲ್ಲ ರಜೆಯ ಖುಷಿಯಲ್ಲಿ ಚೀಲ ಹೆಗಲಿಗೆ ಹಾಕಿಕೊಳ್ಳುವಾಗ, "ಈ ಭಾನುವಾರ ಯಾಕಾದ್ರೂ ಬತ್ತದೋ" ಎನ್ನುತ್ತಿದ್ದರು. ತಮಾಷೆ ಎಂದುಕೊಂಡು ನಾವು ನಗುತ್ತಿದ್ದೆವು.

ಮಧ್ಯಾಹ್ನದ ಅರ್ಧ ಗಂಟೆ ಅವರಿಗೆ ಹಬ್ಬ. ಕ್ಯಾಂಟೀನಿನ ಕೊನೆಯ ಬೆಂಚಿನಲ್ಲಿ ನಾವು ಆರು ಜನ ಕೂರುತ್ತಿದ್ದೆವು. ಅಕ್ಕ, ನಾನು, ಪ್ಯಾಕಿಂಗಿನ ಸೆಲ್ವಿ, ತಳಿ ಎಂಬ ಊರಿಂದ ಬರುತ್ತಿದ್ದ ರತ್ನಮ್ಮ, ಅಸೆಂಬ್ಲಿಯ ಇನ್ನಿಬ್ಬರು ಹುಡುಗಿಯರು. ಸೆಲ್ವಿಯದು ಕೃಷ್ಣಗಿರಿ, ಮನೆಮಾತು ತಮಿಳು. ಆದರೆ ನಮ್ಮ ಜೊತೆ ಸೇರಿ ನಮ್ಮಂತೆಯೇ ಕನ್ನಡ ಆಡುತ್ತಿದ್ದಳು. ಅಕ್ಕ ಮುದ್ದೆಯ ಡಬ್ಬಿಯ ಜೊತೆಗೆ ಇನ್ನೊಂದು ಡಬ್ಬಿ ತರುತ್ತಿದ್ದರು, ಹುರುಳಿಕಾಳಿನ ಸಾರೋ ಹುಣಿಸೆ ಚಿಗುರಿನ ಗೊಜ್ಜೋ, ಹಂಚುವುದಕ್ಕೆಂದೇ. ಎಲ್ಲರಿಗಿಂತ ನಿಧಾನವಾಗಿ ಉಣ್ಣುತ್ತಿದ್ದರು. ಅವರು ಉಂಡು ಮುಗಿಸುವವರೆಗೆ ನಾವು ಏಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆ ಬೆಂಚಿಗೆ ಲಾಟರಿ ತಂದವಳು ಸೆಲ್ವಿ. ತಮಿಳುನಾಡಿನಲ್ಲಿ ಲಾಟರಿ ನಿಲ್ಲುವ ಮುಂಚೆ ಹೊಸೂರು ಬಸ್‌ಸ್ಟ್ಯಾಂಡಿನ ತುಂಬ ಲಾಟರಿ ಅಂಗಡಿಗಳಿದ್ದವು. ಮೈಕಿನಲ್ಲಿ ಕೂಗಿ ಕರೆಯುತ್ತಿದ್ದರು. ಸಂಬಳದ ದಿನ ಒಂದು ಟಿಕೇಟು ಕೊಂಡು ಸೆರಗಿಗೆ ಗಂಟು ಹಾಕಿಕೊಂಡು ಹೋಗುವುದು ಸೆಲ್ವಿಯ ಅಭ್ಯಾಸ. ಸರ್ಕಾರ ನಿಲ್ಲಿಸಿದ ಮೇಲೆ ಅಂಗಡಿಗಳೆಲ್ಲ ಮುಚ್ಚಿದವು. ಆದರೆ ಎಂಟು ಕಿಲೋಮೀಟರ್ ಆಚೆ, ಗಡಿ ದಾಟಿದರೆ ಕರ್ನಾಟಕದಲ್ಲಿ ಆಟ ನಡೆದೇ ಇತ್ತು. ಅತ್ತಿಬೆಲೆಯಲ್ಲಿ ಕಂಪ್ಯೂಟರ್ ಲಾಟರಿ ಬಂದಿದೆಯಂತೆ, ಆರು ನಂಬರು ನಾವೇ ಆರಿಸಿ ಕೊಟ್ಟರೆ ಚೀಟಿ ಅಚ್ಚು ಹಾಕಿ ಕೊಡುತ್ತಾರಂತೆ ಎಂದು ಸೆಲ್ವಿ ಸುದ್ದಿ ತಂದಳು. ನಾವೂ ಆರು ಜನ, ನಂಬರೂ ಆರು, ವಾರಕ್ಕೆ ತಲೆಗೆ ಹತ್ತು ರೂಪಾಯಿ. ಅಕ್ಕ ಹೇಗೂ ದಿನಾ ಆ ಅಂಗಡಿ ಮುಂದೆಯೇ ಬಸ್ ಇಳಿಯುತ್ತಾರೆ. ಮಾತು ಅರ್ಧ ಗಂಟೆಯಲ್ಲಿ ಮುಗಿದುಹೋಯಿತು.

ಒಬ್ಬೊಬ್ಬರು ಒಂದೊಂದು ನಂಬರು ಹೇಳಿದೆವು. ಸೆಲ್ವಿ ತನ್ನ ಮದುವೆಯ ತಾರೀಕು ಹೇಳಿದಳು, ಹುಡುಗಿಯರು ತಮ್ಮ ವಯಸ್ಸು, ರತ್ನಮ್ಮ ತಾನು ಬರುವ ಬಸ್ಸಿನ ನಂಬರು, ನಾನು ಬಾಡಿಗೆ ಮನೆಯ ಬಾಗಿಲ ನಂಬರು. ಅಕ್ಕನಿಗೆ ಏನೂ ಹೊಳೆಯಲಿಲ್ಲ, ಯಾವುದಾದರೂ ಹಾಕಿಕೊಳ್ಳಿ ಎಂದರು. "ನೀನು ಒಬ್ಳೇ ತಾನೆ ಅಕ್ಕ, ಒಂದು ಹಾಕ್ತೀವಿ ಬುಡು" ಎಂದಳು ಸೆಲ್ವಿ. ಎಲ್ಲರೂ ನಕ್ಕೆವು. ಅಕ್ಕನೂ ನಕ್ಕರು.

ಗುರುವಾರ ಸಂಜೆ ಅಕ್ಕ ಟಿಕೇಟು ಕೊಳ್ಳುವುದು, ಶುಕ್ರವಾರ ಮಧ್ಯಾಹ್ನ ಪೇಪರಿನಲ್ಲಿ ನಂಬರು ನೋಡುವುದು. ಹೀಗೆ ಒಂದು ವರ್ಷ ನಡೆಯಿತು. ಒಂದೆರಡು ಸಲ ಮೂರು ನಂಬರು ಕೂಡಿ ಸಣ್ಣ ಮೊತ್ತ ಬಂತು, ಬೇಕರಿಯಿಂದ ಪಫ್ ತರಿಸಿಕೊಂಡು ತಿಂದೆವು. ಗೆದ್ದರೆ ಏನು ಮಾಡುವುದೆಂಬ ಮಾತಿಗೆ ಮಾತ್ರ ಕೊನೆಯಿರಲಿಲ್ಲ. ಸೆಲ್ವಿ ಸೈಟು ಕೊಂಡು ಮನೆ ಕಟ್ಟಿಸುತ್ತಿದ್ದಳು, ಪ್ರತಿವಾರ ಅದಕ್ಕೊಂದು ಕೋಣೆ ಕೂಡುತ್ತಿತ್ತು. ರತ್ನಮ್ಮ ಗುಲಾಬಿ ತೋಟ ಹಾಕುತ್ತಿದ್ದಳು. ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಿದ್ದೆ. ಒಮ್ಮೆ ಎಲ್ಲರೂ ಅಕ್ಕನನ್ನು ಹಿಡಿದು ನೀವೇನು ಮಾಡುತ್ತೀರಿ ಎಂದು ಕೇಳಿದೆವು. ಅವರು ಮುದ್ದೆ ಮುರಿಯುತ್ತ, "ಗೆದ್ರೆ ನೀವೆಲ್ಲ ಕೆಲ್ಸ ಬುಟ್ಟೋಗ್ತೀರ. ನಾನ್ ಯಾರ್ ಜತೆ ಉಣ್ಲಿ? ಅದು ಬರ್ದೇ ಇದ್ರೇ ವಾಸಿ" ಎಂದರು. ಅಪಶಕುನ ಆಡಬೇಡ ಎಂದು ಸೆಲ್ವಿ ಅವರ ಬಾಯಿ ಮುಚ್ಚಿದಳು.

ನನ್ನ ಗಂಡನಿಗೆ ಲಾಟರಿಯೆಂದರೆ ಆಗದು. ಅವರ ಚಿಕ್ಕಪ್ಪನೊಬ್ಬ ಅದರಲ್ಲೇ ಹೊಲ ಕಳೆದಿದ್ದನಂತೆ. ಆದ್ದರಿಂದ ವಾರದ ಹತ್ತು ರೂಪಾಯಿಯ ವಿಷಯ ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಇದನ್ನು ಇಲ್ಲಿ ಹೇಳಲೇಬೇಕು. ಮುಂದೆ ಆದದ್ದರಲ್ಲಿ ನನ್ನ ಈ ಮುಚ್ಚುಮರೆಯ ಪಾಲೂ ಇದೆ.

ಎರಡನೇ ವರ್ಷದ ಮಳೆಗಾಲದ ಹೊತ್ತಿಗೆ ನಾನು ಏಳು ತಿಂಗಳ ಬಸುರಿ. ಒಂದು ಗುರುವಾರ, ಊಟದ ಗಂಟೆಗೆ ಸ್ವಲ್ಪ ಮುಂಚೆ, ಸ್ಟೂಲಿನಲ್ಲಿ ಕೂತಿದ್ದಂತೆಯೇ ಸೊಂಟದಲ್ಲಿ ಸೀಳಿದಂತಾಯಿತು. ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಅಕ್ಕ ಮೆಷಿನ್ ನಿಲ್ಲಿಸಿದ್ದು. ಕಂಪನಿ ವ್ಯಾನಿನ ಹಿಂದಿನ ಸೀಟು. ಅವರ ತೊಡೆಯ ಮೇಲೆ ನನ್ನ ತಲೆ. ಆಸ್ಪತ್ರೆಯ ಹಸಿರು ಪರದೆ. ಯಾರೋ ತಮಿಳಿನಲ್ಲಿ ಏನೋ ಕೇಳಿದ್ದಕ್ಕೆ ಅಕ್ಕ ನನ್ನ ಪರವಾಗಿ ಉತ್ತರ ಕೊಟ್ಟದ್ದು. ಮಗು ಅಳಲಿಲ್ಲ. ಅದು ಮಾತ್ರ ತುಂಡಾಗಿಲ್ಲ, ಇಡಿಯಾಗಿ ನೆನಪಿದೆ. ಹೆಣ್ಣುಮಗು ಎಂದರು. ಸೂಜಿ ಕೊಟ್ಟರು. ಹಣೆಯ ಮೇಲೆ ಅಕ್ಕನ ಕೈ ಇತ್ತು. ಮತ್ತೆ ಕಣ್ಣು ಬಿಟ್ಟಾಗ ಆ ಕೈ ಇರಲಿಲ್ಲ. ಕಿಟಕಿಯಾಚೆ ಇನ್ನೂ ಬೆಳಕಿತ್ತು. ಮತ್ತೆ ನಿದ್ದೆ ಎಳೆಯಿತು. ಮಾರನೆಯ ದಿನ ಊರಿಂದ ಅಮ್ಮ ಬಂದಳು. ಮಗು ಎಲ್ಲಿ ಎಂದು ನಾನು ಗಂಡನನ್ನು ಕೇಳಿದೆ. ಎಲ್ಲ ಆಸ್ಪತ್ರೆಯವರೇ ನೋಡಿಕೊಂಡರು ಎಂದರು. ನಾನು ಮತ್ತೆ ಕೇಳಲಿಲ್ಲ. ಮೂರನೇ ದಿನ ಅಮ್ಮ ನನ್ನನ್ನು ತವರಿಗೆ ಕರೆದುಕೊಂಡು ಹೋದಳು.

ಎರಡೂವರೆ ತಿಂಗಳ ಮೇಲೆ ಕೆಲಸಕ್ಕೆ ಮರಳಿದೆ. ಮಧ್ಯಾಹ್ನ ಡಬ್ಬಿ ಹಿಡಿದು ಕ್ಯಾಂಟೀನಿಗೆ ಹೋದರೆ ಬೆಂಚಿನಲ್ಲಿ ಅಕ್ಕ ಇಲ್ಲ. ಹೊರಗೆ, ಕೈ ತೊಳೆಯುವ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಒಬ್ಬರೇ ಕೂತು ಉಣ್ಣುತ್ತಿದ್ದರು. ನಾನು ಆ ಕಡೆ ಹೊರಟಾಗ ಸೆಲ್ವಿ ನನ್ನ ಕೈ ಹಿಡಿದು ಕೂರಿಸಿಕೊಂಡಳು, ನಾನಿಲ್ಲದಾಗ ನಡೆದದ್ದನ್ನು ಹೇಳಿದಳು.

ನಾನು ಆಸ್ಪತ್ರೆ ಸೇರಿದ ಮರುದಿನ, ಶುಕ್ರವಾರ, ಪೇಪರಿನಲ್ಲಿ ನಮ್ಮ ನಂಬರು ಬಂದಿತ್ತು. ಆರರಲ್ಲಿ ಐದು. ಅಕ್ಕನ ಹೆಸರಿಗೆ ಹಾಕಿದ್ದ ಒಂದು ಎಂಬ ನಂಬರು ಮಾತ್ರ ಬಂದಿರಲಿಲ್ಲ. ಎರಡನೇ ಬಹುಮಾನ, ಆರು ಜನ ಹಂಚಿಕೊಂಡರೂ ತಲೆಗೊಂದು ಸಣ್ಣ ಸೈಟು ಬರುವಷ್ಟು. ನಾಲ್ವರೂ ಕೂಗಿ ಕುಣಿದು ಇಡೀ ಕಾರ್ಖಾನೆಗೆ ಸುದ್ದಿ ಮಾಡಿದ್ದರು. ಅವತ್ತು ಅಕ್ಕ ಕೆಲಸಕ್ಕೆ ಬಂದಿರಲಿಲ್ಲ. ಶನಿವಾರ ಬಂದವರು, ನಾಲ್ವರು ಸುತ್ತುವರಿದು ಟಿಕೇಟು ಕೇಳಿದಾಗ, ಏನು ಕೇಳುತ್ತಿದ್ದಾರೆಂದು ತಿಳಿಯದವರಂತೆ ನಿಂತರಂತೆ. ಆಮೇಲೆ ಸೆರಗಿನ ಗಂಟು ಬಿಚ್ಚಿ, ಅವರವರ ಹತ್ತು ರೂಪಾಯಿ ಅವರವರ ಕೈಗಿಟ್ಟು, ಈ ಗುರುವಾರ ಟಿಕೇಟು ತೆಗೆದುಕೊಳ್ಳಲಿಲ್ಲ, ಆಸ್ಪತ್ರೆಯಲ್ಲಿ ಹೊತ್ತಾಯಿತು ಎಂದರಂತೆ. ಯಾರೂ ನಂಬಲಿಲ್ಲ. ಶುಕ್ರವಾರ ಯಾಕೆ ಬರಲಿಲ್ಲ, ಬೆಂಗಳೂರಿಗೆ ಹೋಗಿ ದುಡ್ಡು ತೆಗೆದುಕೊಂಡು ಬಂದೆಯಾ ಎಂದು ಸೆಲ್ವಿ ಎಲ್ಲರ ಮುಂದೆ ಕೇಳಿದಳು. ಅಕ್ಕ ಇಲ್ಲ ಅಂದಾಗ, ನಾವು ಗೆಲ್ಲುವುದು ನಿನಗೆ ಬೇಕಿರಲಿಲ್ಲ, ಬೇಕೆಂದೇ ಕೊಳ್ಳಲಿಲ್ಲ, ನೀನೇ ಬಾಯಿಬಿಟ್ಟು ಹೇಳಿದ್ದೆಯಲ್ಲ ಎಂದಳು. ಕಳ್ಳಿ ಎಂಬ ಮಾತೂ ಬಂತು. ಊಟಕ್ಕೆ ಕೂತಿದ್ದ ನಲವತ್ತು ಜನ ಕೇಳಿದರು.

ಇಷ್ಟು ಹೇಳಿ ಸೆಲ್ವಿ ನನ್ನ ಮುಖ ನೋಡಿದಳು. "ನೀನೇ ಹೇಳು. ಆವತ್ತು ಅವ್ರು ಎಷ್ಟೊತ್ಗಂಟ ನಿನ್ಜತೆ ಇದ್ರು? ಅಂಗ್ಡಿ ಎಂಟ್ ಗಂಟೆಗಂಟ ತೆಗ್ದಿರ್ತದೆ."

"ಗೊತ್ತಿಲ್ಲ" ಎಂದೆ. "ನಾನ್ ಕಣ್ಬುಟ್ಟಾಗ ಇರ್ಲಿಲ್ಲ. ಇನ್ನೂ ಬೆಳಕಿತ್ತು."

ಅಷ್ಟು ಸಾಕಾಯಿತು. ಸೆಲ್ವಿ ಉಳಿದವರ ಕಡೆ ತಿರುಗಿ, ಕೇಳಿದಿರಾ ಎಂಬಂತೆ ತಲೆಯಾಡಿಸಿದಳು. ನಲ್ಲಿಯ ಕಟ್ಟೆ ಅಲ್ಲಿಂದ ಹತ್ತು ಹೆಜ್ಜೆ ದೂರ. ಅಕ್ಕನಿಗೆ ನನ್ನ ಮಾತು ಕೇಳಿಸಿತ್ತು. ಅವರು ತಲೆ ಎತ್ತಲಿಲ್ಲ. ಡಬ್ಬಿ ತೊಳೆದುಕೊಂಡು ಒಳಗೆ ಹೋದರು.

ಅದೇ ದಿನ ಮೆಷಿನ್ನಿನ ಹತ್ತಿರ ನಾನು ಮೆಲ್ಲಗೆ ಕೇಳಿದೆ, ಆವತ್ತು ನನ್ನನ್ನು ಬಿಟ್ಟು ಎಲ್ಲಿಗೆ ಹೋದಿರಿ ಅಕ್ಕ ಎಂದು. ಅವರ ಕೈ ಒಂದು ಗಳಿಗೆ ನಿಂತಿತು. "ಒಂದ್ ಕೆಲ್ಸ ಇತ್ತು ಕಣಮ್ಮ" ಎಂದರು. ಏನು ಕೆಲಸ ಎಂದೆ. ನನ್ನ ಮೈ ಹೇಗಿದೆ, ಉಪ್ಪು ಖಾರ ಕಡಿಮೆ ತಿನ್ನುತ್ತಿದ್ದೀಯಾ ಎಂದು ಕೇಳಿದರು. ಮುಖ ನನ್ನ ಕಡೆ ಇರಲಿಲ್ಲ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಮುಚ್ಚಿಡುವುದು ಇದ್ದರೆ ದುಡ್ಡಿನ ವಿಷಯವೇ ಇರಬೇಕು ಎಂದು ನನ್ನ ಮನಸ್ಸು ತಾನಾಗಿ ಹೇಳಿತು. ನಾನು ಅದನ್ನು ತಡೆಯಲಿಲ್ಲ. ಮಗು ಕಳೆದುಕೊಂಡವಳಿಗೆ ಸೈಟೂ ಕೈತಪ್ಪಿತಲ್ಲ ಎಂದು ಎಲ್ಲರೂ ಮರುಗುತ್ತಿದ್ದರು. ಆ ಮರುಕ ನನಗೆ ಹಿತವಾಗಿತ್ತು. ಮಾರನೆಯ ದಿನದಿಂದ ನಾನೂ ಬೆಂಚಿನಲ್ಲೇ ಕೂತೆ.

ಸ್ವಲ್ಪ ದಿನಕ್ಕೆ ಅಕ್ಕ ತಾವೇ ಕೇಳಿಕೊಂಡು ಸ್ಟೋರಿಗೆ ಹೋದರು. ಅಲ್ಲಿ ತಂತಿಯ ಉಂಡೆಗಳನ್ನು ತೂಗಿ ಕೊಡುವ ಕೆಲಸ, ಜೊತೆಗೆ ಇನ್ನೊಬ್ಬರಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದರು. ನಾನೂ ಆಡಿಸುತ್ತಿದ್ದೆ. ಎರಡು ವರ್ಷ ಹೀಗೆ ಹೋಯಿತು. ನಲ್ಲಿಯ ಕಟ್ಟೆಯ ಮೇಲೆ ಅವರ ಊಟ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಬರುಬರುತ್ತ ಅವರು ತರುತ್ತಿದ್ದದ್ದು ಒಂದೇ ಡಬ್ಬಿ.

ಆ ವಾರದ ನಂಬರು ನಮ್ಮ ಐವರಿಗೂ ಅಂಟಿಕೊಂಡಿತ್ತು. ಬಂದೇ ಬಿಟ್ಟಿತ್ತಲ್ಲ ಎಂಬ ಮಾತಿನಷ್ಟು ಕೆಟ್ಟ ಮಾತು ಇನ್ನೊಂದಿಲ್ಲ. ಬಾರದೇ ಇದ್ದಾಗ ನಾವು ನಕ್ಕು ಮರೆಯುತ್ತಿದ್ದೆವು. ಒಮ್ಮೆ ಬಂದು ಕೈತಪ್ಪಿದ ಮೇಲೆ ಅದು ನಮ್ಮದೇ ದುಡ್ಡು, ಎಲ್ಲೋ ಇದೆ, ಮತ್ತೆ ಬರಬೇಕು ಎನಿಸತೊಡಗಿತು. ಹುಡುಗಿಯರು ಕೆಲವು ವಾರ ಆಡಿ ಬಿಟ್ಟರು. ರತ್ನಮ್ಮ ಬಿಟ್ಟಳು. ನಾನೂ ಬಿಟ್ಟೆ. ಸೆಲ್ವಿ ಬಿಡಲಿಲ್ಲ. ಕೆಲಸ ಮುಗಿಸಿ ತಾನೇ ಬಸ್ ಹತ್ತಿ ಅತ್ತಿಬೆಲೆಗೆ ಹೋಗತೊಡಗಿದಳು. ವಾರಕ್ಕೊಮ್ಮೆ ಇದ್ದದ್ದು ದಿನಾ ಆಯಿತು. ಗಂಟೆಗೊಂದು ಫಲಿತಾಂಶ ಬರುವ ಒಂದಂಕಿಯ ಟಿಕೇಟುಗಳೂ ಅಲ್ಲಿ ಸಿಗುತ್ತಿದ್ದವು. ಮೊದಲು ಕಿವಿಯ ಓಲೆ ಹೋಯಿತು. ಆಮೇಲೆ ತಾಳಿಯ ಚಿನ್ನ ಹೋಗಿ ಅರಿಸಿನದ ಕೊಂಬು ಬಂತು. ಗಂಡ ಲಾರಿ ಡ್ರೈವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ. ಅವನಿಗೆ ಬಸ್ಸಿನಲ್ಲಿ ಯಾರೋ ಕಿತ್ತುಕೊಂಡರು ಎಂದು ಹೇಳಿದ್ದಳು. ನಿಜ ಗೊತ್ತಾದ ದಿನ ಅವನು ಮಕ್ಕಳಿಬ್ಬರನ್ನೂ ತನ್ನ ತಾಯಿಯ ಮನೆಯಲ್ಲಿ ಬಿಟ್ಟು, ಅವಳನ್ನು ಕೃಷ್ಣಗಿರಿಯ ತವರಿಗೆ ಕಳಿಸಿದ.

ಲೆಕ್ಕ ಮುಗಿಸಿಕೊಂಡು ಹೋಗಲು ಕಾರ್ಖಾನೆಗೆ ಬಂದ ದಿನ ಸೆಲ್ವಿ ನನ್ನನ್ನು ಗೇಟಿನ ಆಚೆ ಕರೆದು ಒಂದು ವಿಷಯ ಹೇಳಿದಳು. ಕೆಲವು ತಿಂಗಳ ಹಿಂದೆ ಒಂದು ಸಂಜೆ ಅತ್ತಿಬೆಲೆಯಲ್ಲಿ ಬಸ್ಸಿನ ದುಡ್ಡೂ ಸೇರಿ ಎಲ್ಲ ಕಳೆದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಬಸ್ ಇಳಿದ ಅಕ್ಕ ನೋಡಿದರಂತೆ. ಏನೂ ಕೇಳದೆ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರಂತೆ.

"ಸೋಪ್ ಕೊಟ್ಟು ಮೊಖ ತೊಳ್ಕೋ ಅಂದ್ರು. ಮುದ್ದೆ ತಿರುವಿ ಇಕ್ಕುದ್ರು. ಅವ್ರ ಮನೇಲಿ ಒಂದೇ ತಟ್ಟೆ ಕಣೇ. ನಂಗೆ ಅದ್ರಲ್ಲಿ ಕೊಟ್ಟು, ಅವ್ರು ಪಾತ್ರೇಲೇ ಉಂಡ್ರು" ಎಂದಳು ಸೆಲ್ವಿ. ಆಮೇಲೆ, "ದುಡ್ಡು ತಗೊಂಡೋರ ಮನೆ ಅಂಗಿರಲ್ಲ. ನಾನ್ ತಪ್ಪು ಪಣ್ಣಿಟ್ಟೇನ್" ಎಂದಳು. ತಪ್ಪು ಮಾಡಿಬಿಟ್ಟೆ ಎಂಬ ಆ ಕೊನೆಯ ಮಾತು ಅವಳ ಮನೆಮಾತಿನಲ್ಲೇ ಬಂತು.

ಅವಳು ಅಷ್ಟು ಹೇಳಿದ ಮೇಲಾದರೂ ನಾನು ಸ್ಟೋರಿಗೆ ಹೋಗಿ ಅಕ್ಕನ ಎದುರು ನಿಲ್ಲಬೇಕಿತ್ತು. ನಾಳೆ ಹೋಗೋಣ ಎಂದುಕೊಂಡೆ. ಏನೆಂದು ಮಾತು ಶುರುಮಾಡುವುದು ಎಂದು ತಿಳಿಯದೆ ಆ ನಾಳೆಯನ್ನು ಮುಂದೆ ಹಾಕುತ್ತ ಹೋದೆ. ಅಷ್ಟರಲ್ಲಿ ನಾನು ಮತ್ತೆ ಬಸುರಿಯಾದೆ. ಈ ಸಲ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದರು. ಕೆಲಸ ಬಿಟ್ಟೆ. ಗಂಡುಮಗು ಹುಟ್ಟಿತು, ಬದುಕಿತು. ಆ ನಡುವೆ ಕಾರ್ಖಾನೆಯೂ ಬಾಗಿಲು ಹಾಕಿತು. ಕರ್ನಾಟಕದಲ್ಲೂ ಲಾಟರಿ ನಿಂತಿತು. ಅತ್ತಿಬೆಲೆಯ ಆ ಅಂಗಡಿಯಲ್ಲಿ ಈಗ ಮೊಬೈಲ್ ಕರೆನ್ಸಿ ಹಾಕುತ್ತಾರೆ ಎಂದು ಯಾರೋ ಹೇಳಿದರು.

ಮಗನ ಮೊದಲ ಹುಟ್ಟುಹಬ್ಬಕ್ಕೆ ಯಾರನ್ನು ಕರೆಯುವುದೆಂದು ನಾನೂ ಗಂಡನೂ ಕೂತು ಹೆಸರು ಬರೆಯುತ್ತಿದ್ದೆವು. ಅವರು ಪೆನ್ನು ಕೆಳಗಿಟ್ಟು, "ಆ ಅಕ್ಕನ್ನ ಕರೀಬೇಕು" ಎಂದರು. ಯಾವ ಅಕ್ಕ ಎಂದೆ. "ಅವರೇ. ಆವತ್ತು ಮಗೂನ ಎತ್ಕೊಂಡು ಬಂದೋರು."

ನನಗೆ ಅರ್ಥವಾಗಲಿಲ್ಲ. ಅವರು ಹೇಳತೊಡಗಿದರು. ಆವತ್ತು ಮಧ್ಯಾಹ್ನ ಫೋನ್ ಬಂದು ಅವರು ಸೂಳಗಿರಿಯಿಂದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ತೆಗೆದುಕೊಂಡು ಹೋಗಿ ಎಂದರಂತೆ. ಇವರಿಗೆ ಕೈ ಚಾಚಲಾಗಲಿಲ್ಲ. ಗೋಡೆ ಹಿಡಿದು ನಿಂತುಬಿಟ್ಟರು. ಊರಲ್ಲಿ ನೆಂಟರಿಲ್ಲ, ಸ್ನೇಹಿತರೆಲ್ಲ ಶಿಫ್ಟಿನಲ್ಲಿ. ಆಗ ಅಕ್ಕ ಮುಂದೆ ಬಂದು ಮಗುವನ್ನು ಇಸಿದುಕೊಂಡು, ತಮ್ಮ ಸೆರಗು ಹೊದಿಸಿ, ಬನ್ನಿ ಎಂದರಂತೆ. ಆಟೋದಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಕೆರೆಯಾಚೆಯ ಮಸಣದಲ್ಲಿ ಗುಂಡಿ ತೋಡುವವನಿಗೆ ಹೆಂಗಸರು ಬಂದದ್ದು ಸರಿಬರಲಿಲ್ಲ, ಗೊಣಗಿದ. ಅಕ್ಕ ಗುಂಡಿ ಆಗುವವರೆಗೆ ಕಲ್ಲಿನ ಮೇಲೆ ಕೂತು ಮಗುವಿನ ಬೆನ್ನು ತಟ್ಟುತ್ತಲೇ ಇದ್ದರಂತೆ, ಬದುಕಿರುವ ಮಗುವನ್ನು ಮಲಗಿಸುವ ಹಾಗೆ. ಮಣ್ಣು ಮುಚ್ಚುವಷ್ಟರಲ್ಲಿ ಕತ್ತಲಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಬಿಡುವಾಗ ಅವರು ಒಂದೇ ಮಾತು ಹೇಳಿದ್ದು. "ಎಲ್ಲಿಟ್ಟಿದೀವಿ ಅಂತ ಅವ್ಳಿಗೆ ಏಳ್ಬೇಡಪ್ಪ. ದಿನಾ ಹೋಗಿ ಅಲ್ಲೇ ಕೂತ್ಕೊಂಡ್ಬುಡ್ತಾಳೆ. ನಾನೂ ಯಾರ್ಗೂ ಬಾಯ್ಬುಡಲ್ಲ."

ಗಂಡ ಹೇಳಿ ಮುಗಿಸಿದಾಗ ನಾನು ಅಳಲಿಲ್ಲ. ಅಳು ಬರುವುದಕ್ಕೂ ಮುಂಚೆ ಹೇಳಬೇಕಾದದ್ದು ಇತ್ತು. ಲಾಟರಿ, ಗುರುವಾರ, ನಂಬರು, ಕ್ಯಾಂಟೀನು, ನಾನು ಆಡಿದ ಮಾತು, ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ನನಗೆ ಮೊದಲೇ ಗೊತ್ತಿದ್ದರೆ ಗೇಟಿಗೆ ಬಂದು ನಾನೇ ಹೇಳುತ್ತಿದ್ದೆನಲ್ಲ ಎಂದಷ್ಟೇ ಹೇಳಿ ತಲೆ ಹಿಡಿದು ಕೂತರು. ಅವರಿಗೆ ನಾನು ಒಂದನ್ನು ಮುಚ್ಚಿಟ್ಟಿದ್ದೆ, ನನಗೆ ಅವರು ಒಂದನ್ನು ಮುಚ್ಚಿಟ್ಟಿದ್ದರು. ಇವೆರಡರ ನಡುವೆ ಅಕ್ಕ ಮೂರು ವರ್ಷಕ್ಕೂ ಮೇಲೆ ಒಬ್ಬರೇ ಕೂತು ಉಂಡಿದ್ದರು.

ಮಾರನೆಯ ಬೆಳಿಗ್ಗೆ ಮಗನನ್ನು ಎತ್ತಿಕೊಂಡು ಅತ್ತಿಬೆಲೆಗೆ ಹೋದೆ. ಕೇಳಿ ಕೇಳಿ ಮನೆ ಹುಡುಕಿದೆ. ಶೀಟು ಹೊದಿಸಿದ ಒಂದಂಕಣದ ಮನೆ. ಅಕ್ಕ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು, ಕಾರ್ಖಾನೆ ಮುಚ್ಚಿದ ಮೇಲೆ ಅದೇ ಜೀವನ. ಬಹಳ ಇಳಿದುಹೋಗಿದ್ದರು, ಸಕ್ಕರೆ ಕಾಯಿಲೆಯಂತೆ. ನನ್ನನ್ನು ನೋಡಿದವರು ಮೊದಲು ಕೈ ಚಾಚಿದ್ದು ಮಗುವಿಗೆ. ನಾನು ಹೊಸ್ತಿಲಲ್ಲೇ ಕೂತೆ. ಗಂಡ ಹೇಳಿದರು ಎಂದೆ. ಅವರು ಮಗನ ಕಾಲುಗಳನ್ನು ಒತ್ತುತ್ತಿದ್ದರು.

"ಟಿಕೇಟು ಗ್ಯಾಪ್ಕಾನೇ ಬರ್ಲಿಲ್ಲ ಕಣಮ್ಮ" ಎಂದರು ಆಮೇಲೆ. "ಸನಿವಾರ ಅವ್ರು ಕೇಳೋಗಂಟ ಬರ್ಲಿಲ್ಲ. ಸುಕ್ರವಾರ ಎಲ್ಗೂ ಹೋಗಿರ್ಲಿಲ್ಲ. ಎದ್ದೇಳಾಕೇ ಆಗ್ಲಿಲ್ಲ, ಕೈ ಬಾರಾಗಿತ್ತು."

ಹೇಳಿಬಿಡಬಹುದಿತ್ತಲ್ಲ ಅಕ್ಕ, ಅವರಿಗೆ ಬೇಡ, ನನಗಾದರೂ, ಎಂದೆ.

"ಏಳಿದ್ರೆ ನಂಬೋರು. ಆಮೇಲೆ ನಿನ್ನ ಕೂರುಸ್ಕೊಂಡು ಎಲ್ಲಿ, ಎಂಗೆ, ಏನ್ ಬಟ್ಟೆ ಅಂತ ಒಬ್ಬೊಬ್ಬಳೂ ಕೇಳೋಳು. ನೀನ್ ಆಗ ಎಂಗಿದ್ದೆ ಅಂತ ನಾನ್ ನೋಡಿದ್ನಲ್ಲ." ಮಗನನ್ನು ಹೆಗಲಿಗೆ ಹಾಕಿಕೊಂಡರು. "ಒಂದ್ವಾರ ಬೈತಾರೆ, ಮರ್ತೋಗ್ತಾರೆ ಅಂದ್ಕಂಡಿದ್ದೆ. ಅಷ್ಟ್ ದಿನ ಆಯ್ತದೆ ಅಂತ ಅನ್ಕಂಡಿರ್ಲಿಲ್ಲ."

ಅದೊಂದೇ ಅವರು ಆಡಿದ ಆಕ್ಷೇಪಣೆಯ ಮಾತು. ಅದೂ ನನ್ನ ಮೇಲಲ್ಲ, ಯಾರ ಮೇಲೂ ಅಲ್ಲ, ದಿನಗಳ ಮೇಲೆ.

ನಾನು ತಳಿಗೆ ಹೋಗಿ ರತ್ನಮ್ಮನಿಗೆ ಹೇಳಿದೆ. ಅವಳು ಸೌತೆ ಬಳ್ಳಿಗೆ ಕಡ್ಡಿ ಕಟ್ಟುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಕೃಷ್ಣಗಿರಿಗೆ ಹೋಗಿ ಸೆಲ್ವಿಗೆ ಹೇಳಿದೆ. ಹುಡುಗಿಯರಿಬ್ಬರಲ್ಲಿ ಒಬ್ಬಳು ಸಿಕ್ಕಳು. ಅದೆಲ್ಲ ಹಳೇ ಕತೆ, ಈಗ ಯಾಕೆ ಎಂದಳು. ಇನ್ನೊಬ್ಬಳು ಎಲ್ಲಿದ್ದಾಳೋ ತಿಳಿಯಲಿಲ್ಲ. ಬೇರೆಯವರನ್ನೂ ಹುಡುಕಲು ನೋಡಿದೆ. ನಲವತ್ತು ಜನ ಒಂದೇ ಸಲ ಕೇಳಿದ ಮಾತನ್ನು ಅವರೆಲ್ಲ ಚದುರಿಹೋದ ಮೇಲೆ ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ತಿದ್ದಲು ಆಗುವುದಿಲ್ಲ. ಎಲ್ಲೋ ಯಾರದೋ ಬಾಯಲ್ಲಿ ಇವತ್ತಿಗೂ ಅಕ್ಕ ಲಾಟರಿ ದುಡ್ಡು ನುಂಗಿದವರೇ ಆಗಿರಬಹುದು. ನಾನು ಹೀಗೆ ಅಲೆಯುತ್ತಿರುವುದು ಅಕ್ಕನಿಗೆ ತಿಳಿದು ಸಾಕು ಬಿಡು ಎಂದರು, ಮಗುವನ್ನು ಬಿಸಿಲಲ್ಲಿ ಸುತ್ತಿಸಬೇಡ ಎಂದರು.

ಆಮೇಲೆ ಒಂದೂವರೆ ವರ್ಷ ಬದುಕಿದ್ದರು. ನಾವು ಹೋಗಿಬಂದು ಮಾಡುತ್ತಿದ್ದೆವು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಆದ ಗಾಯ ಮಾಯಲಿಲ್ಲ. ನಮ್ಮ ಮನೆಗೆ ಬಂದು ಇರಿ ಎಂದು ಗಂಡ ಎಷ್ಟು ಕರೆದರೂ ಬರಲಿಲ್ಲ, ಒಬ್ಬಳೇ ಇದ್ದು ಅಭ್ಯಾಸವಾಗಿಬಿಟ್ಟಿದೆ, ಈಗ ಜೊತೆಗೆ ಜನ ಇದ್ದರೆ ನಿದ್ದೆ ಬರುವುದಿಲ್ಲ ಎಂದರು. ಊಟಕ್ಕೆ ಜೊತೆ ಬೇಕೆಂದು ಲಾಟರಿಗೆ ದುಡ್ಡು ಹಾಕಿದ್ದ ಹೆಂಗಸು ಆಡಿದ ಮಾತು ಅದು. ಒಂದು ಬೆಳಿಗ್ಗೆ ಹಾಲಿನವನು ಕೂಗಿದರೆ ಬಾಗಿಲು ತೆಗೆಯಲಿಲ್ಲ. ನಾವು ಮುಟ್ಟುವ ಹೊತ್ತಿಗೆ ಅಕ್ಕಪಕ್ಕದವರು ಚಾಪೆಯ ಮೇಲೆ ಮಲಗಿಸಿದ್ದರು. ರತ್ನಮ್ಮ ತಳಿಯಿಂದ ಬಂದಳು. ಸೆಲ್ವಿ ಕೃಷ್ಣಗಿರಿಯಿಂದ ಬಸ್ಸಿನಲ್ಲಿ ನಿಂತೇ ಬಂದಳು, ಬಂದವಳು ಅವರ ಕಾಲ ಹತ್ತಿರ ಕೂತು ಕೊನೆತನಕ ಏಳಲಿಲ್ಲ.

ಅವರ ಬಗ್ಗೆ ಯೋಚಿಸುವಾಗ ನಾನು ಹೆಚ್ಚಾಗಿ ನಿಲ್ಲುವುದು ಆ ಕ್ಯಾಂಟೀನಿನ ಬೆಂಚಿನಲ್ಲಿ, ಸೆಲ್ವಿ ಪ್ರಶ್ನೆ ಕೇಳಿದ ಗಳಿಗೆಯಲ್ಲಿ. ಗೊತ್ತಿಲ್ಲ ಎಂದೆನಲ್ಲ, ಅದು ಸುಳ್ಳಲ್ಲ. ನನಗೆ ನಿಜವಾಗಿ ಗೊತ್ತಿರಲಿಲ್ಲ. ಬೆಳಕಿತ್ತು ಎಂದದ್ದೂ ನಿಜ. ಆದರೆ ಅದರ ಹಿಂದೆಯೇ, ಅಕ್ಕ ಅಂಥೋರಲ್ಲ ಎಂದು ಸೇರಿಸಬಹುದಿತ್ತು. ಎರಡೇ ಮಾತು. ಅವು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದವರಿಗೆ ಕೇಳಿಸುತ್ತಿದ್ದವು. ಅವರು ಅದಕ್ಕಾಗಿ ಕಾದಿದ್ದರೋ ಏನೋ, ನಾನು ಕೊನೆಯವರೆಗೂ ಕೇಳಲಿಲ್ಲ.